ಬ್ಯಾಂಕಿನವರು ಗುರುತು ಕೇಳುವದೇಕೆ?

ನಮ್ಮ ಚಿಕ್ಕೇರೂರಿನ ಕಟ್ಟೆಗಳ ಮೇಲೆ ಈಚೆಗೆ ಪದೇಪದೇ ಕೇಳಿಬರುವ ಆಕ್ಷೇಪವೊಂದುಂಟು: “ಇಪ್ಪತ್ತು ವರುಷ ನಮ್ಮ ಮೋರೆ ಕಂಡ ಬ್ಯಾಂಕಿನವರು ಮತ್ತೆ ಗುರುತಿನ ಕಾಗದ ತನ್ನಿರಿ ಅನ್ನುತ್ತಾರೆ, ನಾವೇನು ಕಳ್ಳರೆ?” ವಾಚಕರೇ, ಇದರ ಕಾರಣವು ಗುಮಾಸ್ತನ ಸ್ವಭಾವದಲ್ಲಿಲ್ಲ, ಕಾಯಿದೆಯಲ್ಲಿದೆ.

ಲಂಚ, ವಂಚನೆ, ಮಾದಕದ್ರವ್ಯಗಳ ವ್ಯಾಪಾರ ಮೊದಲಾದವುಗಳಿಂದ ಬಂದ ಹಣವನ್ನು ಹಲವರ ಖಾತೆಗಳಲ್ಲಿ ತಿರುಗಿಸಿ, ಕೊನೆಗೆ ನ್ಯಾಯಾರ್ಜಿತವೆಂಬಂತೆ ತೋರಿಸುವದಕ್ಕೆ ಇಂಗ್ಲಿಷಿನಲ್ಲಿ ‘ಹಣವನ್ನು ಒಗೆಯುವದು’ ಎಂಬರ್ಥದ ಹೆಸರಿದೆ. ಮಡಿವಾಳನ ಕಾಯಕಕ್ಕೆ ಇದು ಅನ್ಯಾಯವೆಂದು ನನ್ನ ಮತ. ಅವನು ಕೊಳೆಯನ್ನು ತೆಗೆಯುವನು, ಇವರು ಮುಚ್ಚುವರು.

ರಾಜದ್ರವ್ಯವನ್ನು ಅಪಹರಿಸುವ 40 ಉಪಾಯಗಳನ್ನು ಕೌಟಿಲ್ಯನು ಎಣಿಸಿದ್ದಾನೆ. ಆತನ ಅರ್ಥಶಾಸ್ತ್ರವನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟರು. ಇಂಥ ಹಣದ ತಡೆಗಾಗಿ 1989ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕಾರ್ಯಪಡೆಯು ಮರುವರ್ಷ ಹೊರಡಿಸಿದ ಶಿಫಾರಸುಗಳೂ 40! ಕಾಕತಾಳೀಯವೇ ಸರಿ. ನಮ್ಮ ದೇಶದಲ್ಲಿ 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯು 2005ನೆಯ ಜುಲೈ 1ರಿಂದ ಜಾರಿಯಲ್ಲಿದೆ.

ಇದರಂತೆ ಬ್ಯಾಂಕುಗಳಷ್ಟೇ ಅಲ್ಲ, ಸಹಕಾರಿ ಬ್ಯಾಂಕು, ಚೀಟಿಯ ಕಂಪನಿ, ಬಂಗಾರದ ಮೇಲೆ ಸಾಲ ಕೊಡುವ ಕಂಪನಿಗಳೂ ಗಿರಾಕಿಯ ಗುರುತನ್ನು ಪರೀಕ್ಷಿಸಬೇಕು. ವ್ಯವಹಾರದ ದಾಖಲೆಗಳನ್ನು 5 ವರುಷ ಕಾದಿಡಬೇಕು. 10 ಲಕ್ಷ ರೂಪಾಯಿಗೆ ಮೀರಿದ ನಗದಿನ ವ್ಯವಹಾರವನ್ನು ದಿಲ್ಲಿಯ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ಒಂದೇ ತಿಂಗಳಲ್ಲಿ ಚಿಕ್ಕಚಿಕ್ಕದಾಗಿ ಒಡೆದು ಕಟ್ಟಿದ, ಪರಸ್ಪರ ಸಂಬಂಧವುಳ್ಳ ಮೊತ್ತಗಳು ಕೂಡಿ ಅಷ್ಟನ್ನು ಮೀರಿದರೂ ಅದೇ ನಿಯಮ. ಸಂಶಯಾಸ್ಪದವೆಂದು ಕಂಡದ್ದಕ್ಕಾದರೋ ಮೊತ್ತದ ಮಿತಿಯೇ ಇಲ್ಲ. ಮತ್ತು ಹಾಗೆ ವರದಿ ಮಾಡಿದ ಸಂಗತಿಯನ್ನು ಗಿರಾಕಿಗೆ ಹೇಳಕೂಡದು. ಗುಮಾಸ್ತನು ಕೆಲವೊಮ್ಮೆ ಮೌನ ಧರಿಸುವದು ಇದರಿಂದಲೂ ಇದ್ದೀತು.

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಮಾರಿದ ಒಕ್ಕಲಿಗನ ಖಾತೆಗೆ ವರುಷಕ್ಕೊಮ್ಮೆ ದೊಡ್ಡ ಮೊತ್ತ ಬರುವದು ಸಹಜ. ದಲಾಲಿ ಅಂಗಡಿಯ ಲೆಕ್ಕದ ಚೀಟಿಯನ್ನು ತೋರಿಸಿದರೆ ಮುಗಿಯಿತು. ಆದರೆ ಕಾಲೇಜಿನ ಹುಡುಗನ ಖಾತೆಗೆ ದೂರದೂರುಗಳಿಂದ ದಿನವೂ ಹಣ ಬಂದು ಅಂದೇ ಹೊರಟುಹೋದರೆ ಏನೆನ್ನಬೇಕು? ಗುರುತನ್ನು ಮತ್ತೆ ಮತ್ತೆ ಕೇಳುವದೂ ಇದೇ ಅಪಾಯದ ತೂಕವನ್ನು ನೋಡಿ: ಅಪಾಯ ಹೆಚ್ಚಿದ್ದಲ್ಲಿ 2 ವರುಷಕ್ಕೊಮ್ಮೆ, ಮಧ್ಯಮವಿದ್ದಲ್ಲಿ 8, ಕಡಿಮೆಯಿದ್ದಲ್ಲಿ 10 ವರುಷಕ್ಕೊಮ್ಮೆಯಾದರೂ.

ಸದ್ಗೃಹಸ್ಥರು ಹೆದರಬೇಕಾದದ್ದು ಈ ಪ್ರಶ್ನೆಗಳಿಗಲ್ಲ, ಖಾತೆಯನ್ನು ಬಾಡಿಗೆಗೆ ಕೇಳುವ ಪರಿಚಿತರಿಗೆ. ‘ನಿನ್ನ ಪಾಸ್‌ಬುಕ್ಕು, ಎಟಿಎಂ ಕಾರ್ಡು ಕೊಡು, ತಿಂಗಳಿಗಿಷ್ಟು ತಗೋ’ ಎಂಬ ಮಾತಿಗೆ ಮರುಳಾದ ಬಡಮಕ್ಕಳ ಹೆಸರಿನಲ್ಲಿಯೇ ಕದ್ದ ಹಣ ಹರಿಯುವದು. ಪೋಲೀಸರು ಮೊದಲು ಬಾಗಿಲು ತಟ್ಟುವದು ಖಾತೆಯ ಮೇಲೆ ಹೆಸರಿದ್ದವನ ಮನೆಯದು. ಅರಿತು ನೆರವಾದವನಿಗೆ ಈ ಕಾಯಿದೆಯಲ್ಲಿ ಸಾಮಾನ್ಯವಾಗಿ 3ರಿಂದ 7 ವರುಷಗಳ ಕಠಿಣ ಶಿಕ್ಷೆಯುಂಟು. ಅರಿಯದೆ ಕೊಟ್ಟಿದ್ದರೆ ಇಂದೇ ಶಾಖೆಗೆ ಹೋಗಿ, ಕಾರ್ಡನ್ನು ನಿಲ್ಲಿಸಿ, ಅರ್ಜಿ ಬರೆದುಕೊಟ್ಟು ಅದರ ಪೋಚನ್ನು ಪಡೆಯತಕ್ಕದ್ದು.