ಎತ್ತಿನ ಗಾಡಿಯ ಹಾದಿ, ಸೈಕಲ್ಲಿನ ದಾರಿ

ಹುಣಸೂರು ತಾಲ್ಲೂಕಿನ ಗಾವಡಗೆರೆ ಹೋಬಳಿಯ ಹಳ್ಳಿ ರಸ್ತೆಗಳಲ್ಲಿ ಬೆಳಗಿನ ಆರು ಗಂಟೆಗೆ ಓಡಾಡುವ ವಾಹನಗಳನ್ನು ಬೆರಳಲ್ಲೇ ಎಣಿಸಬಹುದು. ಡೇರಿಗೆ ಹಾಲು ಹೊತ್ತ ಒಂದು ಮೊಪೆಡ್ಡು, ಪೇಟೆಯ ಕಡೆಗೆ ಹೊರಟ ಮೊದಲ ಬಸ್ಸು, ಹೊಲಕ್ಕೆ ತಿರುಗಿದ ಒಂದು ಟ್ರ್ಯಾಕ್ಟರು. ಅವು ಹೋದ ಮೇಲೆ ಮತ್ತೆ ನಿಶ್ಶಬ್ದ. ರಸ್ತೆ ಕೆರೆ ಏರಿಯ ಮೇಲೆ ಸಾಗಿ, ರಾಗಿ ಹೊಲಗಳ ನಡುವೆ ಇಳಿದು, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳ ಪಕ್ಕದಲ್ಲಿ ಹಾದು ಇನ್ನೊಂದು ಊರು ಸೇರುತ್ತದೆ.

ಇಂಥದೇ ರಸ್ತೆಗಳನ್ನು ಹುಡುಕಿಕೊಂಡು ಪ್ರತಿ ವರ್ಷ ಸಾವಿರಾರು ಸೈಕಲ್ ಸವಾರರು ಇಟಲಿಯ ಟಸ್ಕನಿಗೆ, ಸ್ಪೇನಿನ ಹಳ್ಳಿಗಾಡಿಗೆ ಹೋಗುತ್ತಾರೆ. ಅಲ್ಲಿ ಅದು ಪ್ರವಾಸದ ಉದ್ಯಮವೇ ಆಗಿದೆ. ಮೈಸೂರಿನಿಂದ ಪಶ್ಚಿಮಕ್ಕೆ ಕೇವಲ ನಲವತ್ತೈದು ಕಿಲೋಮೀಟರ್ ದಾಟಿದರೆ ಸಿಗುವ ಈ ಸೀಮೆಯ ರಸ್ತೆಗಳಿಗೆ ಅಂಥ ಹೆಸರೇನೂ ಇಲ್ಲ. ಆದರೆ ಸೈಕಲ್ಲಿಗೆ ಬೇಕಾದ ಗುಣಗಳೆಲ್ಲ ಇವುಗಳಲ್ಲಿವೆ. ಅದಕ್ಕೆ ಕಾರಣ ಹುಡುಕಿದರೆ ಅದು ಎತ್ತಿನ ಗಾಡಿಯ ಕಾಲಕ್ಕೆ ಕರೆದೊಯ್ಯುತ್ತದೆ.

ಎತ್ತು ಹಾಕಿದ ಅಳತೆ

ಸೈಕಲ್ ಸವಾರನಿಗೆ ದೊಡ್ಡ ಶತ್ರು ದೂರವಲ್ಲ, ಏರು. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕವೆಂದು ಇಟ್ಟುಕೊಳ್ಳೋಣ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಚಕ್ರ ಉರುಳಿಸಲು ಸುಮಾರು ಅರ್ಧ ಕಿಲೋ ಭಾರವನ್ನು ಎಳೆಯುವಷ್ಟು ಬಲ ಸಾಕು. ಅದೇ ರಸ್ತೆ ನೂರು ಮೀಟರಿಗೆ ಐದು ಮೀಟರ್ ಏರಿತೆಂದರೆ ಅದರ ಮೇಲೆ ಇನ್ನೂ ನಾಲ್ಕು ಕಿಲೋ ಭಾರ ಬಿದ್ದಂತೆ. ಅಂದರೆ ಶ್ರಮ ಎಷ್ಟೋ ಪಟ್ಟು ಹೆಚ್ಚಿತು.

ಗಾಡಿ ಎಳೆಯುವ ಎತ್ತಿಗೂ ಇದೇ ಲೆಕ್ಕ. ತುಂಬಿದ ಗಾಡಿ ಕಡಿದಾದ ಏರು ಹತ್ತಲಾರದು. ಕಡಿದಾದ ಇಳಿಜಾರಿನಲ್ಲಿ ನಿಲ್ಲಲಾರದು. ಹೀಗಾಗಿ ಗಾಡಿ ಹೊಡೆಯುವವರು ದಿಣ್ಣೆಯನ್ನು ಬಳಸಿಕೊಂಡು, ಕೆರೆ ಏರಿಯನ್ನೇ ಸೇತುವೆ ಮಾಡಿಕೊಂಡು, ಹಳ್ಳವನ್ನು ಆಳವಿಲ್ಲದ ಕಡೆ ದಾಟಿ ಹಾದಿ ಮಾಡಿಕೊಂಡರು. ಸಂತೆಗೆ ಹೋಗಿ ಅದೇ ದಿನ ಮನೆ ಸೇರಬೇಕಾದ್ದರಿಂದ ಸಂತೆಯ ಊರುಗಳೂ ಬಲು ದೂರ ಇರಲಿಲ್ಲ. ನಂತರ ಜಲ್ಲಿ ಬಿದ್ದದ್ದೂ, ಡಾಂಬರು ಬಿದ್ದದ್ದೂ ಬಹುಪಾಲು ಇದೇ ಹಾದಿಗಳ ಮೇಲೆ. ಇಂದು ಈ ಭಾಗದಲ್ಲಿ ಸೈಕಲ್ ತುಳಿಯುವವನಿಗೆ ಎರಡು ಮೂರು ಕಿಲೋಮೀಟರಿಗೊಂದು ಊರು, ಊರಿಗೊಂದು ಟೀ ಅಂಗಡಿ, ನೆರಳಿಗೊಂದು ಅರಳಿಕಟ್ಟೆ ಸಿಗುವುದು ಆ ಹಳೆಯ ಅಳತೆಯಿಂದ.

ಹುಣಸೂರಿಗೆ ಎತ್ತಿನ ನಂಟು ಇನ್ನೂ ಒಂದು ಬಗೆಯಲ್ಲಿ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಇದು ಅಮೃತಮಹಲ್ ರಾಸುಗಳ ಮುಖ್ಯ ನೆಲೆಯಾಗಿತ್ತು. ಸೈನ್ಯದ ಫಿರಂಗಿ, ಸಾಮಾನು ಎಳೆಯಲು ಬೇಕಾದ ಎತ್ತುಗಳು ಇಲ್ಲಿಂದ ಹೋಗುತ್ತಿದ್ದವು. ಕೊಡಗಿನ ಕಾಫಿ, ಕಾಡಿನ ಮರ ಮೈಸೂರಿಗೆ ಇಳಿಯುತ್ತಿದ್ದುದೂ ಈ ಊರಿನ ಮೇಲೆಯೇ.

ನಾಲ್ಕು ದಿಕ್ಕು, ನಾಲ್ಕು ನಾಡು

ಗಾವಡಗೆರೆಯನ್ನು ನಡುವೆ ಇಟ್ಟುಕೊಂಡರೆ ಸುತ್ತಣ ಸೀಮೆಯಲ್ಲಿ ನಾಲ್ಕು ಬೇರೆ ಬೇರೆ ಬಗೆಯ ಸವಾರಿ ಸಾಧ್ಯ.

ಕೃಷ್ಣರಾಜನಗರದ ಕಡೆಯದು ನೀರಿನ ದಾರಿ. ಕಾವೇರಿ ನಾಲೆಗಳ ಈ ಬಯಲಿನಲ್ಲಿ ಭತ್ತ, ಕಬ್ಬು, ತೆಂಗು. ಚುಂಚನಕಟ್ಟೆಯಲ್ಲಿ ಕಾವೇರಿ ಸುಮಾರು 20 ಮೀಟರ್ ಧುಮುಕುತ್ತಾಳೆ. ಪಕ್ಕದಲ್ಲೇ ಕೋದಂಡರಾಮನ ಗುಡಿ. ಜನವರಿಯ ಜಾತ್ರೆಗೆ ಬರುವ ಹಳ್ಳಿಕಾರ್ ಜೋಡೆತ್ತುಗಳನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ.

ಪಿರಿಯಾಪಟ್ಟಣದ ಕಡೆ ಹೊರಟರೆ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವೇ ದಿಕ್ಸೂಚಿ. ಬಯಲಿನಲ್ಲಿ ಒಂಟಿಯಾಗಿ ನಿಂತ ಅದು ಬಹು ದೂರದಿಂದ ಕಾಣುತ್ತದೆ. ಇದು ಹೊಗೆಸೊಪ್ಪಿನ ಸೀಮೆ. ಮುಂಗಾರಿನಲ್ಲಿ ಎಲೆ ಮುರಿಯಲು ಆರಂಭವಾದ ಮೇಲೆ ಬ್ಯಾರನ್ನುಗಳಿಗೆ ಬೆಂಕಿ ಬೀಳುತ್ತದೆ. ಸೌದೆಯ ಹೊಗೆ ಮತ್ತು ಹದವಾಗುವ ಎಲೆಯ ವಾಸನೆ ಸವಾರನನ್ನು ಊರಿಂದೂರಿಗೆ ಹಿಂಬಾಲಿಸುತ್ತದೆ. ಇನ್ನೂ ಮುಂದೆ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಟಿಬೆಟಿನಿಂದ ಬಂದವರು ಕಾಡು ಕಡಿದು ಊರು ಕಟ್ಟಿದ ಜಾಗ. ಮುಸುಕಿನ ಜೋಳದ ಹೊಲಗಳ ನಡುವೆ ಪ್ರಾರ್ಥನೆಯ ಬಾವುಟಗಳು ಹಾರುತ್ತವೆ.

ಹನಗೋಡಿನ ಕಡೆಯದು ಲಕ್ಷ್ಮಣತೀರ್ಥದ ದಾರಿ. ಕೊಡಗಿನಲ್ಲಿ ಹುಟ್ಟಿ ಬರುವ ಈ ಹೊಳೆಗೆ ಹನಗೋಡಿನಲ್ಲಿ ಅಣೆಕಟ್ಟೆ ಇದೆ. ಆದರೆ ಸೈಕಲ್ಲಿನವರಿಗೆ ವೀರನಹೊಸಹಳ್ಳಿಯೇ ಗಡಿ. ಅಲ್ಲಿಂದಾಚೆ ನಾಗರಹೊಳೆಯ ಕಾಡು. ಆನೆ, ಹುಲಿ ಓಡಾಡುವ ರಸ್ತೆಯಲ್ಲಿ ಸದ್ದಿಲ್ಲದೆ ಬರುವ ಸೈಕಲ್ಲು ಸವಾರನಿಗೂ ಅಪಾಯ, ಪ್ರಾಣಿಗೂ ಗಾಬರಿ.

ನಾಲ್ಕನೆಯದು ಹೆಗ್ಗಡದೇವನಕೋಟೆಯ ಕಡೆಯ ದೀರ್ಘ ಸವಾರಿ. ಹತ್ತಿಯ ಹೊಲ, ರಾಗಿ ಹೊಲ ದಾಟಿ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯವರೆಗೆ ಹೋಗಬಹುದು. ಇಲ್ಲಿಯೂ ಕಾಡು ಹತ್ತಿರವೇ. ಸಂಜೆಯಾಗುವ ಮೊದಲು ಊರು ಸೇರಬೇಕೆಂಬುದು ಸ್ಥಳೀಯರ ಪಾಠ.

ಯಾವ ದಾರಿ ಹಿಡಿದರೂ ಡಿಸೆಂಬರ್, ಜನವರಿಯಲ್ಲಿ ಒಂದು ಎಚ್ಚರ ಬೇಕು. ರೈತರು ಹುರುಳಿ, ರಾಗಿಯನ್ನು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಹುರುಳಿ ಸೊಪ್ಪು ಸೈಕಲ್ಲಿನ ಸರಪಳಿಗೆ ಸುತ್ತಿಕೊಂಡರೆ ಬಿಡಿಸುವುದಕ್ಕೆ ಅರ್ಧ ಗಂಟೆ ಬೇಕು. ಕಾಳಿನ ಮೇಲೆ ಚಕ್ರ ಜಾರಿದರೆ ಮೊಣಕಾಲಿಗೇ ಪೆಟ್ಟು.

ಎರಡು ಬಗೆಯ ಸವಾರರು

ವಾರಾಂತ್ಯದಲ್ಲಿ ಹೆಲ್ಮೆಟ್ ತೊಟ್ಟು ಬರುವ ನಗರದ ಸವಾರರು ಈ ಭಾಗಕ್ಕೆ ಹೊಸಬರು. ನೀಲಗಿರಿಯ ಕಡೆಗೆ ಸಾಗುವ ‘ಟೂರ್ ಆಫ್ ನೀಲಗಿರೀಸ್’ 2008ರಲ್ಲಿ ಆರಂಭವಾದ ಮೇಲೆ ದೂರದ ಸೈಕಲ್ ಸವಾರಿಯ ಹುಚ್ಚು ಬೆಂಗಳೂರು, ಮೈಸೂರುಗಳಲ್ಲಿ ಬೆಳೆಯಿತು. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕೆಂಬ ಫ್ರಾನ್ಸ್ ಮೂಲದ ‘ಬ್ರೆವೆ’ ಸವಾರಿಗಳೂ ಬಂದವು. 2017ರ ಜೂನ್‌ನಲ್ಲಿ ಮೈಸೂರು ನಗರದಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾಯಿತು.

ಹಳ್ಳಿಗಳಲ್ಲಿ ಮಾತ್ರ ಕಥೆ ತಿರುಗುಮುರುಗು. ಸೈಕಲ್ಲು ಇಲ್ಲಿ ಎಂದೂ ಮೋಜಿನ ವಸ್ತುವಾಗಿರಲಿಲ್ಲ. ಕ್ಯಾರಿಯರಿಗೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗಿರಣಿಗೆ ಹೊರಟ ರಾಗಿ ಮೂಟೆ ಕಟ್ಟಲು ಅದು ಬೇಕಿತ್ತು. ಬಾಡಿಗೆ ಸೈಕಲ್ ಅಂಗಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ಸೈಕಲ್ ಪಡೆದು, ಸೀಟು ಎಟುಕದೆ ಒಳಪೆಡಲ್ ಹೊಡೆದು ಕಲಿತ ತಲೆಮಾರು ಇನ್ನೂ ಇದೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ತಂದಾಗ ಹೈಸ್ಕೂಲಿಲ್ಲದ ಊರಿನ ಹೆಣ್ಣುಮಕ್ಕಳಿಗೆ ಈ ರಸ್ತೆಗಳೇ ಶಾಲೆಯ ದಾರಿಯಾದವು. 2020ರ ಕೋವಿಡ್ ಹಾವಳಿಯ ನಂತರ ಆ ವಿತರಣೆ ನಿಂತಿತು.

2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ದೇಶದ ಹಳ್ಳಿ ಹಳ್ಳಿಗೂ ಸರ್ವಋತು ರಸ್ತೆ ತಂದಿತು. ನುಣುಪಾದ ರಸ್ತೆ ಸೈಕಲ್ಲಿಗೆ ಹಿತ. ಬೈಕಿಗೆ ಇನ್ನೂ ಹಿತ. ವೇಗ ಹೆಚ್ಚಿದಂತೆ ಮಕ್ಕಳನ್ನು ಸೈಕಲ್ಲಿನಲ್ಲಿ ಕಳಿಸಲು ತಾಯಿತಂದೆಯರು ಹಿಂಜರಿಯುತ್ತಾರೆ. ಹಿಂಜರಿದಷ್ಟೂ ರಸ್ತೆಯಲ್ಲಿ ಸೈಕಲ್ಲು ಕಡಿಮೆ. ಕಡಿಮೆಯಾದಷ್ಟೂ ಚಾಲಕರು ಸೈಕಲ್ಲು ಎದುರು ಬಂದೀತೆಂಬ ಎಚ್ಚರವನ್ನೇ ಮರೆಯುತ್ತಾರೆ.

ಟಸ್ಕನಿಯ ಪಾಠ

ಟಸ್ಕನಿಯಲ್ಲೂ ರಸ್ತೆಗಳ ಪ್ರಶ್ನೆ ಎದ್ದಿತ್ತು. ಅಲ್ಲಿನ ದ್ರಾಕ್ಷಿ ತೋಟಗಳ ನಡುವಿನ ಬಿಳಿ ಮಣ್ಣಿನ ರಸ್ತೆಗಳು ಒಂದೊಂದಾಗಿ ಡಾಂಬರಿನಡಿ ಮುಚ್ಚಿಹೋಗುತ್ತಿದ್ದವು. ಅವನ್ನು ಉಳಿಸಬೇಕೆಂದು 1997ರಲ್ಲಿ ಗಾಯೊಲೆ ಎಂಬ ಸಣ್ಣ ಊರಿನಲ್ಲಿ ಹಳೆಯ ಕಾಲದ ಸೈಕಲ್ಲುಗಳ ಸವಾರಿಯೊಂದು ಹೊರಟಿತು. ‘ಲೆರೊಯಿಕಾ’ ಎಂಬ ಆ ಸವಾರಿಗೆ ಈಗ ಸಾವಿರಾರು ಜನ ಬರುತ್ತಾರೆ. ಮಣ್ಣಿನ ರಸ್ತೆ ಆ ನಾಡಿನ ಆಸ್ತಿಯೆಂದು ಎಲ್ಲರೂ ಒಪ್ಪಿದ್ದಾರೆ. ಸ್ಪೇನಿನವರು 1993ರಿಂದ, ರೈಲು ನಿಂತುಹೋದ ಹಳಿಗಳ ಜಾಡನ್ನು ‘ಹಸಿರು ದಾರಿ’ಗಳಾಗಿ ಮಾಡಿದರು. ನಡೆಯುವವರಿಗೆ, ಸೈಕಲ್ಲಿನವರಿಗೆ ಮೀಸಲಾದ ಅಂಥ ದಾರಿ ಇಂದು ಅಲ್ಲಿ 3,000 ಕಿಲೋಮೀಟರಿಗೂ ಹೆಚ್ಚು.

ಹುಣಸೂರು ಸೀಮೆಯ ರೈತನಿಗೆ ಮಣ್ಣಿನ ರಸ್ತೆ ಬೇಡ. ಮಳೆಗಾಲದಲ್ಲಿ ಅದರ ಕಷ್ಟ ಅವನಿಗೆ ಗೊತ್ತು. ಡಾಂಬರು ಅವನ ಹಕ್ಕು. ಇಲ್ಲಿ ಉಳಿಸಬೇಕಾದ್ದು ಬೇರೆ: ಸಾಲುಮರದ ನೆರಳು, ಡಾಂಬರಿನ ಅಂಚಿನಲ್ಲಿ ಎರಡಡಿ ಗಟ್ಟಿ ನೆಲ, ಊರಿಂದ ಊರಿಗೆ ತಡೆಯಿಲ್ಲದ ಸಂಪರ್ಕ. ಮೂರನೆಯದರ ಪ್ರಶ್ನೆ ಈಗ ಎದುರಿಗಿದೆ. ಮೈಸೂರಿನಿಂದ ಕುಶಾಲನಗರದ ಕಡೆಗೆ ಸುಮಾರು 92 ಕಿಲೋಮೀಟರಿನ ನಾಲ್ಕು ಪಥದ ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ಅದೇ ದಿನ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ ಆಗಸ್ಟಿನಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲನ್ನೂ ದೂರವಿಡಲಾಯಿತು.

ವೇಗದ ರಸ್ತೆಯಲ್ಲಿ ಸೈಕಲ್ಲಿಗೆ ಜಾಗವಿಲ್ಲದಿರುವುದು ಸರಿಯೇ. ಭಾರಿ ವಾಹನಗಳು ಅತ್ತ ಹೋದರೆ ಹಳ್ಳಿ ರಸ್ತೆ ಇನ್ನಷ್ಟು ಶಾಂತವಾದೀತು ಕೂಡ. ಆದರೆ ಇಂಥ ಹೆದ್ದಾರಿ ಎಲ್ಲೆಲ್ಲಿ ಹಳೆಯ ಗಾಡಿ ಹಾದಿಯನ್ನು ಅಡ್ಡ ಕತ್ತರಿಸುತ್ತದೆಯೋ ಅಲ್ಲಲ್ಲಿ ಕೆಳಸೇತುವೆ ಇದೆಯೇ, ಅದರಲ್ಲಿ ಮಳೆನೀರು ನಿಲ್ಲದೆ ಸೈಕಲ್ಲು ಹಾಯಬಹುದೇ ಎಂಬುದನ್ನು ನಕ್ಷೆಯ ಹಂತದಲ್ಲೇ ಕೇಳಬೇಕು. ನಗರದ ಸವಾರನಿಗೆ ದಾರಿ ತುಂಡಾದರೆ ಆತ ಇನ್ನೊಂದು ಭಾನುವಾರ ಇನ್ನೊಂದು ಕಡೆ ಹೋದಾನು. ಪಕ್ಕದೂರಿನ ಹೈಸ್ಕೂಲಿಗೆ ಹೋಗುವ ಹುಡುಗಿಗೆ ಇರುವುದು ಅದೊಂದೇ ದಾರಿ.