ಶೆಫೀಲ್ಡಿನ ವಕೀಲ ಸೆಡ್ಜ್‌ವಿಕ್

ಥಿಯೊಡೋರ್ ಸೆಡ್ಜ್‌ವಿಕ್ 1746ರಲ್ಲಿ ಕನೆಕ್ಟಿಕಟ್‌ನ ವೆಸ್ಟ್ ಹಾರ್ಟ್‌ಫರ್ಡ್‌ನಲ್ಲಿ ಹುಟ್ಟಿದ. ಯೇಲ್ ಕಾಲೇಜಿಗೆ ಸೇರಿದರೂ ಪದವಿ ಮುಗಿಸಲಿಲ್ಲ. 1766ರಲ್ಲಿ ಸನ್ನದು ಪಡೆದು ಪಶ್ಚಿಮ ಮ್ಯಾಸಚೂಸೆಟ್ಸ್‌ನಲ್ಲಿ ವಕೀಲಿ ಹಿಡಿದ.

1773ರ ಜನವರಿಯಲ್ಲಿ ಅಲ್ಲಿನ ಶೆಫೀಲ್ಡ್ ಊರಿನ ಹನ್ನೊಂದು ಮಂದಿ ಕರ್ನಲ್ ಜಾನ್ ಆಶ್ಲಿಯ ಮನೆಯಲ್ಲಿ ಕಲೆತು ಬ್ರಿಟಿಷ್ ದಬ್ಬಾಳಿಕೆಯ ವಿರುದ್ಧ ನಿರ್ಣಯ ಬರೆದರು. ಮನುಷ್ಯರೆಲ್ಲ ಸಹಜವಾಗಿ ಸಮಾನರು, ಸ್ವತಂತ್ರರು ಎಂಬುದು ಅದರ ಮೊದಲ ಮಾತು. ಸಮಿತಿಯ ಬರವಣಿಗೆ ಸೆಡ್ಜ್‌ವಿಕ್‌ನದು. ಅದೇ ಮನೆಯಲ್ಲಿ ಬೆಟ್ ಎಂಬ ಕಪ್ಪು ಹೆಂಗಸು ಆಶ್ಲಿಯ ಗುಲಾಮಳಾಗಿ ದುಡಿಯುತ್ತಿದ್ದಳು.

ಒಮ್ಮೆ ಆಶ್ಲಿಯ ಹೆಂಡತಿ ಕಾದ ಸಲಿಕೆ ಎತ್ತಿ ಮತ್ತೊಬ್ಬಳಿಗೆ ಹೊಡೆಯಲು ಹೋದಾಗ ಬೆಟ್ ತೋಳು ಅಡ್ಡ ಹಿಡಿದಳಂತೆ. ಆ ಗಾಯದ ಕಲೆಯನ್ನು ಆಕೆ ಎಂದೂ ಮುಚ್ಚಿಕೊಳ್ಳಲಿಲ್ಲ ಎಂದು ಸೆಡ್ಜ್‌ವಿಕ್‌ನ ಮಗಳು, ಕಾದಂಬರಿಕಾರ್ತಿ ಕ್ಯಾಥರಿನ್, ಮುಂದೆ ಬರೆದಿದ್ದಾಳೆ. 1780ರ ಮ್ಯಾಸಚೂಸೆಟ್ಸ್ ಸಂವಿಧಾನವೂ ಎಲ್ಲರೂ ಸಮಾನರೆಂದಿತು. ಹಾಗಿದ್ದರೆ ತನಗೂ ಅದು ಅನ್ವಯಿಸಬೇಡವೇ ಎಂದು ಬೆಟ್ ಸೆಡ್ಜ್‌ವಿಕ್‌ನ ಬಳಿ ಬಂದಳು.

1781ರಲ್ಲಿ ಬ್ರೋಮ್ ಎಂಬ ಇನ್ನೊಬ್ಬ ಗುಲಾಮನನ್ನೂ ಸೇರಿಸಿಕೊಂಡು ದಾವೆ ಹೂಡಲಾಯಿತು. ಸೆಡ್ಜ್‌ವಿಕ್ ಆರಿಸಿದ ದಾರಿ ಜಾಣತನದ್ದು: ಅಕ್ರಮವಾಗಿ ಹಿಡಿದಿಟ್ಟ ಸ್ವತ್ತನ್ನು ಬಿಡಿಸುವ ರಿಟ್. ಆಶ್ಲಿ ಇಬ್ಬರನ್ನೂ ಬಿಡಲೊಪ್ಪಲಿಲ್ಲ. ಹಾಗಾಗಿ ಇವರು ನಿಜಕ್ಕೂ ಅವನ ಸ್ವತ್ತೇ ಎಂಬ ಪ್ರಶ್ನೆಯೇ ಜ್ಯೂರಿಯ ಮುಂದೆ ಬಂತು. ಲಿಚ್‌ಫೀಲ್ಡ್‌ನ ಟ್ಯಾಪಿಂಗ್ ರೀವ್ ಸಹವಕೀಲನಾಗಿದ್ದ. ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ನ್ಯಾಯಾಲಯದ ಜ್ಯೂರಿ ಇಬ್ಬರೂ ಸ್ವತಂತ್ರರೆಂದು ತೀರ್ಪಿತ್ತು 30 ಶಿಲ್ಲಿಂಗ್ ಪರಿಹಾರ ಕೊಡಿಸಿತು. ಆಶ್ಲಿ ಮೇಲ್ಮನವಿ ಹಾಕಿ, ಆಮೇಲೆ ಕೈಬಿಟ್ಟ. ಎರಡು ವರ್ಷಗಳ ಬಳಿಕ ಕ್ವಾಕ್ ವಾಕರ್ ಎಂಬ ಇನ್ನೊಬ್ಬ ಗುಲಾಮನ ಮೊಕದ್ದಮೆ ರಾಜ್ಯದಲ್ಲಿ ಗುಲಾಮಗಿರಿಯ ಬುಡವನ್ನೇ ಅಲ್ಲಾಡಿಸಿತು.

ಬೆಟ್ ಎಲಿಜಬೆತ್ ಫ್ರೀಮನ್ ಎಂದು ಹೆಸರಿಟ್ಟುಕೊಂಡಳು. ಸಂಬಳ ಕೊಡುತ್ತೇನೆ, ವಾಪಸು ಬಾ ಎಂಬ ಆಶ್ಲಿಯ ಕರೆಗೆ ಓಗೊಡದೆ ಸೆಡ್ಜ್‌ವಿಕ್ ಮನೆಯಲ್ಲಿ ಕೆಲಸಕ್ಕೆ ಸೇರಿದಳು. 1829ರಲ್ಲಿ ತೀರಿಕೊಂಡಾಗ ಸ್ಟಾಕ್‌ಬ್ರಿಜ್‌ನಲ್ಲಿ ಆ ಕುಟುಂಬದ ಸಮಾಧಿಗಳ ನಡುವೆಯೇ ಅವಳನ್ನು ಹೂಳಿದರು.

ಇಷ್ಟಕ್ಕೇ ಸೆಡ್ಜ್‌ವಿಕ್‌ನನ್ನು ಬಡವರ ಬಂಧುವೆನ್ನಲಾಗದು. ಸಾಲ, ತೆರಿಗೆಗಳ ಹೊರೆಗೆ ಬೇಸತ್ತ ರೈತರು 1786ರಲ್ಲಿ ಶೇಸ್ ಎಂಬವನ ನೇತೃತ್ವದಲ್ಲಿ ದಂಗೆಯೆದ್ದಾಗ ಅವನು ಸರ್ಕಾರದ ಪಕ್ಷ ವಹಿಸಿದ. ದಂಗೆಕೋರರು ಅವನ ಮನೆಗೆ ನುಗ್ಗಿದಾಗ ಬೆಳ್ಳಿ ಸಾಮಾನನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಉಳಿಸಿದವಳು ಫ್ರೀಮನ್ ಎಂದು ಕ್ಯಾಥರಿನ್ ಹೇಳುತ್ತಾಳೆ.

ಫೆಡರಲಿಸ್ಟ್ ಪಕ್ಷದ ಕಟ್ಟಾಳಾಗಿ ಅವನು ಮೊದಲ ಕಾಂಗ್ರೆಸ್ಸಿನಿಂದಲೇ ಪ್ರತಿನಿಧಿ ಸಭೆಯಲ್ಲಿದ್ದ. ನಂತರ ಸೆನೆಟ್, 1799ರಲ್ಲಿ ಪ್ರತಿನಿಧಿ ಸಭೆಯ ಅಧ್ಯಕ್ಷ ಪೀಠ. 1801ರಲ್ಲಿ ಜೆಫರ್ಸನ್ ಮತ್ತು ಬರ್ ಸಮ ಮತ ಪಡೆದಾಗ ದೇಶದ ಅಧ್ಯಕ್ಷರ ಆಯ್ಕೆ ಅವನ ಸಭೆಯ ಪಾಲಿಗೆ ಬಂತು. ಅವನ ಒಲವು ಬರ್ ಕಡೆಗಿತ್ತು. 36ನೇ ಸುತ್ತಿನಲ್ಲಿ ಜೆಫರ್ಸನ್ ಗೆದ್ದ. ಮುಂದಿನ ವರ್ಷ ಮ್ಯಾಸಚೂಸೆಟ್ಸ್ ಸುಪ್ರೀಂ ಕೋರ್ಟಿನ ನ್ಯಾಯಾಧೀಶನಾದ ಸೆಡ್ಜ್‌ವಿಕ್, 1813ರಲ್ಲಿ ಸಾಯುವವರೆಗೂ ಆ ಹುದ್ದೆಯಲ್ಲಿದ್ದ.