ನಿಮಗಿದು ಗೊತ್ತೆ? ಮಸ್ಕಿಯ ಬಂಡೆ ನುಡಿದ ಹೆಸರು

ಬ್ರಾಹ್ಮೀ ಲಿಪಿಯ ರಹಸ್ಯವನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿಯೇ ಭೇದಿಸಿದನಾದರೂ, ಶಾಸನಗಳ ‘ದೇವಾನಾಂಪಿಯ ಪಿಯದಸಿ’ ಎಂಬ ಅರಸನು ಅಶೋಕನೇ ಎಂಬುದಕ್ಕೆ ವಿದ್ವಾಂಸರು ಮುಂದೆಯೂ ಬಹುಕಾಲ ಸಿಂಹಳದ ಗ್ರಂಥಗಳನ್ನೇ ಆಶ್ರಯಿಸಬೇಕಾಗಿದ್ದಿತು. ಆ ಸಂದೇಹವನ್ನು ನೀಗಿದುದು ನಮ್ಮ ರಾಯಚೂರು ಸೀಮೆಯ ಮಸ್ಕಿ! 1915ರಲ್ಲಿ, ನಿಜಾಮರ ಆಳ್ವಿಕೆಯ ಕಾಲದಲ್ಲಿ, ಚಿನ್ನದ ಗಣಿಗಳ ಎಂಜಿನಿಯರನಾಗಿದ್ದ ಬೀಡನ್ ಎಂಬಾತನ ಕಣ್ಣಿಗೆ ಬಿದ್ದ, ಗುಡ್ಡದ ಗವಿಯಂತಹ ನೆರಳಿನಲ್ಲಿ ಮಲಗಿರುವ ಬಂಡೆಯ ಮೇಲೆ, ಅಲ್ಲಲ್ಲಿ ಸವೆದ ಎಂಟು ಸಾಲುಗಳ ಪ್ರಾಕೃತ ಶಾಸನದ ಮೊದಲ ಸಾಲಿನಲ್ಲಿಯೇ ‘ಅಸೋಕಸ’ ಎಂಬ ನಾಲ್ಕಕ್ಷರಗಳಿದ್ದವು. ಚಿನ್ನದ ನಾಡಿನಲ್ಲಿ ಚಿನ್ನಕ್ಕಿಂತ ಮಿಗಿಲಾದುದೇ ದೊರೆಯಿತೆನ್ನಬೇಕು.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿಯೇ ಮಸ್ಕಿ ಸಿಗುತ್ತದೆ. ಬಸ್ಸಿನಲ್ಲಿ ನಿದ್ರಿಸದವರು ಇಳಿದು ನೋಡಬಹುದು. ಬಿಡುವುಳ್ಳವರಿಗೆ ಮುಂದೆ ಲಿಂಗಸುಗೂರು ತಾಲ್ಲೂಕಿನಲ್ಲಿ, ಇಂದಿಗೂ ಚಿನ್ನ ತೆಗೆಯುವ ಹಟ್ಟಿಯೂ, ವಿಜಯನಗರ ಹಾಗೂ ಬಹಮನಿ ಅರಸರು ಕಾದಾಡಿದ ಮುದಗಲ್ಲಿನ ಕೋಟೆಯೂ, ಕೃಷ್ಣೆಯ ನಡುವಣ ಜಲದುರ್ಗವೂ ಇವೆ.